ತಿಂಗಳಿಗೊಂದು ಕಾದಂಬರಿ: ಬರೆಯುವ ಹೊತ್ತು, ಬಿಡುವಿನ ಹೊತ್ತು



ಮೂವತ್ತು ದಿನಗಳಲ್ಲಿ ಒಂದು ಕಾದಂಬರಿ ಬರೆದು ಮುಗಿಸಬಹುದೇ ಎಂದು ಕೇಳಿ ನಮ್ಮ ಸಂವಾದ ಕಾರ್ಯಕ್ರಮಕ್ಕೆ ಕಾಲೇಜು ಹುಡುಗ ಹುಡುಗಿಯರು ಕಾಗದ ಬರೆಯುವುದುಂಟು. ಬರೆಯಬಹುದು. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಆ ಮೂವತ್ತು ದಿನ ಊಟ, ನಿದ್ದೆ, ಹರಟೆ, ಹಾಡು ಇವುಗಳ ಗತಿಯೇನು? ಇವನ್ನೆಲ್ಲ ಒಂದು ತಿಂಗಳು ಕಟ್ಟಿಟ್ಟು ಕೂತರೆ ಕೆಲಸ ಬೇಗ ಸಾಗುತ್ತದೆ ಎಂದು ತೋರುತ್ತದೆ. ನಡೆಯುವುದು ಅದಕ್ಕೆ ವಿರುದ್ಧ. ಎರಡನೆಯ ವಾರದ ಹೊತ್ತಿಗೆ ಕಥೆ ನಿಲ್ಲುತ್ತದೆ, ಕಾಲೇಜಿನ ಓದು ಹಿಂದೆ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನಿದ್ದೆಗೆಟ್ಟದ್ದೇ ಕಾರಣ ಎಂದು ತಿಳಿಯದೆ 'ನನಗೆ ಬರೆಯಲು ಬರುವುದಿಲ್ಲ' ಎಂದು ಹದಿನೆಂಟನೆಯ ವಯಸ್ಸಿಗೇ ತೀರ್ಮಾನಿಸಿಬಿಡುವುದು.

ತಿಂಗಳ ಕಾದಂಬರಿಯ ಈ ಪಂಥ ಹುಟ್ಟಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ. 1999ರಲ್ಲಿ ಕ್ರಿಸ್ ಬೇಟಿ ಎಂಬ ಯುವಕ ಸ್ನೇಹಿತರನ್ನು ಕೂಡಿಸಿಕೊಂಡು, ಒಟ್ಟು ಇಪ್ಪತ್ತೊಂದು ಮಂದಿಯೊಂದಿಗೆ ಇದನ್ನು ಆರಂಭಿಸಿದ. ಮರುವರ್ಷದಿಂದ ಅದು ನವೆಂಬರ್ ತಿಂಗಳಿಗೆ ನಿಂತಿತು. ಗುರಿ 50,000 ಪದ. ಮುಂದೆ ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. ಆದರೆ ಪಂಥಕ್ಕೆ ಸಂಸ್ಥೆ ಬೇಕೇ ಬೇಕೆಂದೇನಿಲ್ಲ. ಒಂದು ನೋಟ್‌ಬುಕ್, ಒಂದು ಕ್ಯಾಲೆಂಡರ್ ಇದ್ದರಾಯಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. 50,000 ಪದಗಳನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 1,667 ಪದ. ಇದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. 'ಮನೆಯಲ್ಲಿದ್ದವರಿಗೆಲ್ಲ' ಎಂಬ ನಮ್ಮ ಒಂದೇ ಪದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದ ಬೇಕು. ಆದ್ದರಿಂದ ಅವರ ಸಂಖ್ಯೆಯನ್ನು ಹಾಗೆಯೇ ತಂದು ನಮ್ಮ ತಲೆಯ ಮೇಲೆ ಹೊರಿಸಿಕೊಳ್ಳುವುದು ಅವಿವೇಕ. ಕನ್ನಡಕ್ಕೆ 30,000 ಪದ ಇಟ್ಟುಕೊಳ್ಳಿ, ದಿನಕ್ಕೆ ಸಾವಿರ. ನಿಮ್ಮ ಕೈಬರಹದಲ್ಲಿ ಪುಟಕ್ಕೆ 125 ಪದ ಹಿಡಿದರೆ ಎಂಟು ಪುಟವಾಯಿತು. ಪುಟಕ್ಕೆ ಕಾಲು ಗಂಟೆಯಂತೆ ಎರಡು ಗಂಟೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟನ್ನು ನಿದ್ದೆಗೆ, ಎಂಟನ್ನು ಕಾಲೇಜಿಗೂ ಬಸ್ಸಿಗೂ, ಮೂರನ್ನು ಪಾಠದ ಓದಿಗೆ ಕಳೆದರೂ ಐದು ಉಳಿಯುತ್ತವೆ. ಎರಡು ಕಾದಂಬರಿಗೆ ಹೋದರೆ ಊಟಕ್ಕೂ ಸಂತೋಷಕ್ಕೂ ಮೂರು. ಸಮಯದ ಅಭಾವ ನಾವು ಹೇಳಿಕೊಳ್ಳುವಷ್ಟು ಇಲ್ಲ. ಅಭಾವ ಇರುವುದು ಹುರುಪಿಗೆ.

ಆ ಹುರುಪು ಎಲ್ಲಿಂದ ಬರುತ್ತದೆ? ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತ ಹೋಗುತ್ತದೆ. ಅದು ಹೆಚ್ಚಿದಷ್ಟೂ ತೂಕಡಿಕೆ. ನಿದ್ದೆಯಲ್ಲಿ ಅದು ಇಳಿಯುತ್ತದೆ. ಕಾಫಿ, ಟೀಯಲ್ಲಿರುವ ಕೆಫೀನ್ ಈ ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೇ. ಅಡಿನೋಸಿನ್ ಅಲ್ಲೇ ಇರುತ್ತದೆ, ದಣಿವು ತೀರಿರುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ಮೈಯಲ್ಲಿರುವುದರಿಂದ ರಾತ್ರಿ ಹತ್ತರ ಸ್ಟ್ರಾಂಗ್ ಟೀ ಆ ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. ಹಗಲು ಕಂಡು ಕೇಳಿದ್ದನ್ನು ಮಿದುಳು ವಿಂಗಡಿಸಿ ನೆನಪಿಗೆ ಸೇರಿಸುವುದೂ ನಿದ್ದೆಯಲ್ಲಿಯೇ. ಕಾದಂಬರಿ ಬರೆಯುವವರಿಗೆ ಆ ನೆನಪೇ ಬಂಡವಾಳ. ಆದ್ದರಿಂದ ವೇಳಾಪಟ್ಟಿಯಲ್ಲಿ ಮೊದಲು ನಿದ್ದೆಯನ್ನು ಬರೆಯಿರಿ, ಆಮೇಲೆ ಪುಟಗಳನ್ನು.

ಎರಡನೆಯದು ನಡಿಗೆ. ನೀವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರಾದರೆ ಈ ನಾಲ್ಕೂ ತಾಲ್ಲೂಕುಗಳಿಗೆ ಹಬ್ಬಿರುವ ಜೋಗಿಮಟ್ಟಿಯ ಕಾಡು ನಿಮಗೆ ಹೊಸದಲ್ಲ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 3800 ಅಡಿ ಎತ್ತರದಲ್ಲಿದೆ, ಚಿತ್ರದುರ್ಗ ಪಟ್ಟಣ ಸುಮಾರು 2400 ಅಡಿ. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂಬ ಭೌತಶಾಸ್ತ್ರದ ಪಾಠದಿಂದ, ಊರಿಗಿಂತ ಅಲ್ಲಿ ಎಷ್ಟು ತಂಪು ಎಂಬುದನ್ನು ನೀವೇ ಲೆಕ್ಕ ಹಾಕಿ. ಬಯಲುಸೀಮೆಯ ಬಿಸಿಲಿಗೆ ಬೆಂದವರು ಅದನ್ನು ಚಿತ್ರದುರ್ಗದ ಊಟಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಮೇಲೆ ನಿಂತರೆ ಗಾಳಿಯಂತ್ರಗಳು, ಗುಡ್ಡದ ಸಾಲು, ಅದರಾಚೆ ಬಯಲು. ಪುಸ್ತಕವನ್ನೋ ಪರದೆಯನ್ನೋ ಹತ್ತಿರದಿಂದ ನೋಡುವಾಗ ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿದುಕೊಂಡಿರುತ್ತದೆ. ದೂರ ನೋಡಿದಾಗಲೇ ಅದು ಸಡಿಲವಾಗುವುದು. ಎರಡು ಗಂಟೆ ಬರೆದ ಕಣ್ಣಿಗೆ ಹತ್ತಾರು ಮೈಲಿ ದೂರದ ದಿಗಂತಕ್ಕಿಂತ ಒಳ್ಳೆಯ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ.

ನಡಿಗೆಯ ಬಗ್ಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಒಂದು ಸ್ವಾರಸ್ಯದ ಅಧ್ಯಯನ ಪ್ರಕಟಿಸಿದರು. ಒಂದು ವಸ್ತುವಿಗೆ ಹೊಸ ಹೊಸ ಉಪಯೋಗ ಯೋಚಿಸಿ ಎಂದಾಗ, ಕೂತವರಿಗಿಂತ ನಡೆಯುತ್ತಿದ್ದವರಿಗೆ ಹೆಚ್ಚು ಹೊಳೆಯಿತು. ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಗುಣ ಉಳಿಯಿತು. ಆದರೆ ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಿಗೆ ನಡಿಗೆಯಿಂದ ಲಾಭವಾಗಲಿಲ್ಲ. ನಿಮ್ಮ ನಾಯಕಿ ಮುಂದೇನು ಮಾಡುತ್ತಾಳೆ ಎಂಬುದು ಮೊದಲನೆಯ ಬಗೆಯ ಪ್ರಶ್ನೆ, ಅದಕ್ಕೆ ಹೊರಗೆ ಹೋಗಿ ಸುತ್ತಾಡಿ. ಕಾಗುಣಿತ ತಿದ್ದುವುದಕ್ಕೆ ಕುರ್ಚಿಯೇ ಸರಿ.

ಪ್ರತಿದಿನ ಬೆಟ್ಟ ಹತ್ತಲಾಗುವುದಿಲ್ಲ, ನಿಜ. ಮನೆಯೊಳಗೂ ಬೇಕಾದಷ್ಟಿದೆ. ನವೆಂಬರ್ ಕಳೆಯುತ್ತ ಅವರೆಕಾಯಿ ಬರುತ್ತದೆ. ಅಮ್ಮನೋ ಅಜ್ಜಿಯೋ ಮೊರದ ತುಂಬ ಕಾಯಿ ಹಾಕಿಕೊಂಡು ಕೂತಾಗ ನೀವೂ ಪಕ್ಕದಲ್ಲಿ ಕೂತು ಸುಲಿಯಿರಿ, ಬೇಳೆ ಹಿತುಕಿ. ಕೈಗೆ ಕೆಲಸ, ಮನಸ್ಸಿಗೆ ರಜೆ. ಇಂಥ ಹೊತ್ತಿನಲ್ಲೇ ಬೆಳಿಗ್ಗೆ ಬಿಡಿಸಲಾಗದ ಗಂಟು ತಾನಾಗಿ ಸಡಿಲವಾಗುವುದುಂಟು. ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕರೆ ಬಹಳ ದಿನ ತಿಣುಕಾಡಿದ ವಿಷಯಕ್ಕೆ ದಾರಿ ಹೊಳೆದದ್ದು, ಎಲ್ಲವನ್ನೂ ಮರೆತು ಪ್ರವಾಸ ಹೊರಟು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ. ಅವನೇ ಅದನ್ನು ಬರೆದಿಟ್ಟಿದ್ದಾನೆ. ಗಮನಿಸಬೇಕಾದ್ದು, ಮೊದಲು ಅವನು ತಿಣುಕಾಡಿದ್ದ. ಬರೆಯದೆ ಬರೀ ಅವರೆ ಸುಲಿದರೆ ಸಾರಾಗುತ್ತದೆ, ಕಾದಂಬರಿಯಲ್ಲ! ಮತ್ತೆ ಅಜ್ಜಿ ಸುಲಿಯುತ್ತ ಆಡುವ ಮಾತಿದೆಯಲ್ಲ, ನಿಮ್ಮ ಪಾತ್ರಗಳಿಗೆ ಬೇಕಾದ ಸಂಭಾಷಣೆ ಅದೇ.

ಎಲ್ಲ ಬಿಡುವೂ ಬಿಡುವಲ್ಲ. ಬರೆದು ದಣಿದು ಮೊಬೈಲ್ ಕೈಗೆತ್ತಿಕೊಂಡರೆ ಕಣ್ಣಿಗೆ ಅದೇ ಒಂದಡಿ ದೂರ, ಕಿವಿಗೆ ಬೇರೆಯವರ ಮಾತು, ಗಮನಕ್ಕೆ ನಿಮಿಷಕ್ಕೊಂದು ಎಳೆತ. ನಲವತ್ತು ನಿಮಿಷ ಕಳೆದು ಏಳುವಾಗ ಮೊದಲಿಗಿಂತ ಸುಸ್ತು. ದೂರದರ್ಶನದಲ್ಲಿ ಅನ್ನ ಸಂಪಾದಿಸುವ ನಾನೇ ಇದನ್ನು ಹೇಳಬೇಕಾಗಿದೆ, ಆ ತಿಂಗಳು ಟಿ.ವಿ.ಯನ್ನೂ ಅಳತೆಯಲ್ಲಿ ನೋಡಿ. ಹಾಡು ಕೇಳುವುದು, ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಗೆಳೆಯರೊಡನೆ ಹರಟುವುದು, ಗಿಡಕ್ಕೆ ನೀರು ಹಾಕುವುದು ಇವುಗಳ ಲೆಕ್ಕವೇ ಬೇರೆ.

ಅವಸರದಲ್ಲಿ ಬರೆದ ದೊಡ್ಡವರ ಉದಾಹರಣೆಯೂ ಇದೆ. ರಷ್ಯದ ದಸ್ತಯೇವ್‌ಸ್ಕಿ 1866ರ ನವೆಂಬರ್ 1ರೊಳಗೆ ಒಂದು ಕಾದಂಬರಿ ಒಪ್ಪಿಸದಿದ್ದರೆ ಒಂಬತ್ತು ವರ್ಷ ತನ್ನ ಬರಹಗಳ ಹಕ್ಕನ್ನೇ ಪ್ರಕಾಶಕನಿಗೆ ಬಿಟ್ಟುಕೊಡಬೇಕಾಗಿತ್ತು. ಅನ್ನಾ ಎಂಬ ಇಪ್ಪತ್ತರ ಹುಡುಗಿ ಶೀಘ್ರಲಿಪಿಗೆ ಬಂದಳು. ಇಪ್ಪತ್ತಾರು ದಿನಗಳಲ್ಲಿ 'ಜೂಜುಕೋರ' ಮುಗಿಯಿತು. ಕಂಠದವರೆಗೆ ಸಾಲವಿದ್ದ ಆ ದಿನಗಳಲ್ಲೂ ನಡುನಡುವೆ ನಿಲ್ಲಿಸಿ ಟೀ ಕುಡಿಯುತ್ತ ಅವಳೊಂದಿಗೆ ಮಾತಾಡುತ್ತಿದ್ದ. ಮುಂದಿನ ವರ್ಷ ಅವರ ಮದುವೆಯಾಯಿತೆಂಬುದು ಬೇರೆ ಮಾತು.

ನಿಮ್ಮ ಜಿಲ್ಲೆಯ ತ.ರಾ.ಸು. ಅವರ ದಾರಿ ಇದಕ್ಕಿಂತ ಉದ್ದ. ತಳುಕಿನ ಮನೆತನದ ಅವರು (1920–1984) ದುರ್ಗದ ನಾಯಕರ ಕುರಿತು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೊದಲಾದವನ್ನು ಬರೆದು, ದಶಕಗಳ ನಂತರ 1982ರಲ್ಲಿ 'ದುರ್ಗಾಸ್ತಮಾನ' ಪ್ರಕಟಿಸಿದರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. 1952ರ 'ಹಂಸಗೀತೆ' ಒಬ್ಬ ಸಂಗೀತಗಾರನ ಕಥೆ. ಸಂಗೀತವನ್ನು ಸುಖಕ್ಕಾಗಿ ಕೇಳದವರು ಅಂಥದ್ದನ್ನು ಬರೆಯಲಾರರು ಎಂದು ನನ್ನ ಅಭಿಪ್ರಾಯ. ನೀವು ಮೂವತ್ತು ದಿನದಲ್ಲಿ ಬರೆಯುವುದೂ ಹದಿನೆಂಟು ವರ್ಷ ಕೋಟೆಯ ಕಲ್ಲು ಹತ್ತಿ, ಚಂದ್ರವಳ್ಳಿಯಲ್ಲಿ ಅಲೆದು, ಜಾತ್ರೆಯಲ್ಲಿ ನಿಂತು ಕೂಡಿಟ್ಟದ್ದನ್ನೇ. ಆ ಅಲೆದಾಟವನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿದರೆ ಬಾವಿಗೆ ಒರತೆ ನಿಂತಂತೆ.

ನನ್ನ ಕಸಬಿನಿಂದ ಒಂದು ಮಾತು. ನಾವು ಚಿತ್ರೀಕರಣದ ದಿನ ಸಂಕಲನಕ್ಕೆ ಕೂರುವುದಿಲ್ಲ. ನೀವೂ ಆ ತಿಂಗಳು ಬರೆದದ್ದನ್ನು ತಿದ್ದಬೇಡಿ, ತಿದ್ದಲು ಹೊರಟರೆ ಎರಡು ಗಂಟೆಯ ಕೆಲಸ ಆರು ಗಂಟೆಯಾಗಿ ನಿದ್ದೆಯನ್ನು ನುಂಗುತ್ತದೆ. ದಿನದ ಎಂಟು ಪುಟ ಮುಗಿದಾಗ, ಮುಂದಿನ ವಾಕ್ಯ ಗೊತ್ತಿರುವಾಗಲೇ ಪೆನ್ನು ಮುಚ್ಚಿ. ಬೆಳಿಗ್ಗೆ ಶುರುಮಾಡುವುದು ಸುಲಭ. ಒಂದು ದಿನ ತಪ್ಪಿದರೆ ಆ ಸಾವಿರ ಪದವನ್ನು ಮರುದಿನಕ್ಕೆ ಪೂರ್ತಿ ಹೇರದೆ ಉಳಿದ ದಿನಗಳಿಗೆ ಹಂಚಿ. ಪರೀಕ್ಷೆ ಇರುವ ತಿಂಗಳು ಈ ಪಂಥ ಬೇಡವೇ ಬೇಡ. ಬೇಸಿಗೆ ರಜೆ ಇದ್ದೇ ಇದೆ.

ಭಾನುವಾರಗಳಲ್ಲಿ ಒಂದನ್ನಾದರೂ ಪೂರ್ತಿ ಖಾಲಿ ಬಿಡಿ. ಜೋಗಿಮಟ್ಟಿಗೆ ಹೋಗುವುದಾದರೆ ಅದು 2015ರಿಂದ ವನ್ಯಧಾಮ ಎಂಬುದು ನೆನಪಿರಲಿ. ಚಿರತೆ, ಕರಡಿಗಳಿರುವ ಕಾಡು. ಅರಣ್ಯ ಇಲಾಖೆಯವರನ್ನು ಸಮಯ ವಿಚಾರಿಸಿಕೊಂಡು, ನಾಲ್ಕು ಜನ ಕೂಡಿ ಹೋಗಿ, ಬೆಳಕಿರುವಾಗಲೇ ಇಳಿಯಿರಿ. ನೀರು, ಹುರಿದ ಕಡಲೆಕಾಯಿ, ಜೇಬಿನಲ್ಲಿ ಒಂದು ತುಂಡು ಕಾಗದ ಮತ್ತು ಪೆನ್ಸಿಲ್ ಸಾಕು. ನೋಟ್‌ಬುಕ್ ಮನೆಯಲ್ಲಿರಲಿ.