ತೆಂಗಿನ ಚಿಪ್ಪಿನೊಳಗಿನ ಮರಿಗಳು

ಮೀನಿನ ಅಂಗಡಿಯ ಜಿಲೇಬಿ ಮೀನು ನಮಗೆಲ್ಲ ಗೊತ್ತು. ಅದು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ಇದೇ ಕುಟುಂಬದ ಬೆರಳುದ್ದದ ಮೀನುಗಳನ್ನು ಕುಬ್ಜ ಸಿಕ್ಲಿಡ್ ಎನ್ನುತ್ತಾರೆ. ನಾನು ಸಾಕಿರುವುದು ಪಶ್ಚಿಮ ಆಫ್ರಿಕಾ ಮೂಲದ ಕ್ರಿಬೆನ್ಸಿಸ್. ಗಂಡು ಸುಮಾರು 10 ಸೆಂ.ಮೀ. ಬೆಳೆಯುತ್ತದೆ. ಹೆಣ್ಣು ಇನ್ನೂ ಸಣ್ಣದು. ಮೊಟ್ಟೆಯಿಡುವ ಕಾಲಕ್ಕೆ ಅದರ ಹೊಟ್ಟೆ ಗಾಢ ಗುಲಾಬಿಯಾಗುತ್ತದೆ.

ತೊಟ್ಟಿಯಲ್ಲಿ ಒಂದು ತೆಂಗಿನ ಚಿಪ್ಪನ್ನು ಬೋರಲು ಹಾಕಿ, ಅಂಚಿನಲ್ಲಿ ಬಾಗಿಲಿನಷ್ಟು ಕತ್ತರಿಸಿಟ್ಟಿದ್ದೆ. ಹೆಣ್ಣು ಅದರೊಳಗೆ ಮೊಟ್ಟೆ ಅಂಟಿಸಿತು. ತಾಯಿ ಒಳಗೆ ಕಾವಲು, ತಂದೆ ಹೊರಗೆ. ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ. ಮುಂದಿನ ನಾಲ್ಕೈದು ದಿನ ಮರಿಗಳು ತಮ್ಮ ಹಳದಿ ಚೀಲದ ಆಹಾರದಲ್ಲೇ ಬದುಕುತ್ತವೆ. ಆಮೇಲೆ ತಾಯಿಯ ಹಿಂದೆ ಗುಂಪಾಗಿ ಈಜುತ್ತ ಹೊರಬರುತ್ತವೆ. ಹೊರಗಿನ ಆಹಾರ ಬೇಕಾಗುವುದು ಆಗಲೇ.

ನಾನು ತಪ್ಪಿದ್ದೂ ಅಲ್ಲೇ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿಮಾಡಿ ಧಾರಾಳವಾಗಿ ಹಾಕಿದೆ. ಮೂರನೆಯ ದಿನ ನೀರು ಬೆಳ್ಳಗೆ ಕದಡಿತು. ಗಾಬರಿಯಾಗಿ ಅರ್ಧ ನೀರು ತೆಗೆದು ನಲ್ಲಿ ನೀರನ್ನು ನೇರವಾಗಿ ತುಂಬಿದೆ. ಬೆಳಗ್ಗೆ ನೋಡಿದರೆ ಅರವತ್ತರಷ್ಟಿದ್ದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ತಾಯಿ ಮೀನು ಎರಡು ದಿನ ಚಿಪ್ಪಿನ ಒಳಗೂ ಹೊರಗೂ ಸುತ್ತುತ್ತಲೇ ಇತ್ತು. ನಾನಿ ನೋಡಿ, "ಕೂಸಿಗೆ ಕೊಡೋ ಗಂಜೀನ ಯಾರಾದ್ರೂ ತೊಟ್ಟಿಲಿಗೆ ಸುರೀತಾರಾ ಬೇಟಾ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆದದ್ದು ಇಷ್ಟು: ತಿನ್ನದೆ ಉಳಿದ ಆಹಾರ ಕೊಳೆತರೆ ಅಮೋನಿಯಾ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ಮೀನಿಗೆ ವಿಷ. ನಲ್ಲಿ ನೀರಿನ ಕ್ಲೋರಿನ್ ಮರಿಗಳ ಕಿವಿರನ್ನು ಸುಡುವುದಲ್ಲದೆ ಆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಪಾಠದಲ್ಲಿ ಬಾಯಿಪಾಠ ಮಾಡಿದ್ದ ಸಾರಜನಕ ಚಕ್ರ ನನಗೆ ಅರ್ಥವಾದದ್ದು ಅಂದು.

ಎರಡನೆಯ ಸಲ ಹೀಗೆ ಮಾಡಿದೆ:

1. ಮರಿಗಳನ್ನು ಎಳೆದುಕೊಳ್ಳುವ ಮೋಟಾರ್ ಫಿಲ್ಟರ್ ತೆಗೆದು ಸ್ಪಂಜಿನ ಫಿಲ್ಟರ್ ಹಾಕಿದೆ.

2. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು ಬೆರೆಸಿ, ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಮೊಟ್ಟೆಗಳನ್ನು ಚಿಟಿಕೆಯಷ್ಟು ಹಾಕಿ, ಗಾಳಿ ಹಾಯಿಸಿದೆ. ಬೆಚ್ಚಗಿದ್ದರೆ 24ರಿಂದ 36 ಗಂಟೆಯಲ್ಲಿ ಮರಿಯಾಗುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಮೂರು ಸಲ ಕೆಲವೇ ಹನಿ ಕೊಟ್ಟೆ. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಎಂದರ್ಥ.

3. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರನ್ನೇ ಬಳಸಿ, ದಿನವೂ ಹತ್ತನೇ ಒಂದು ಭಾಗ ಮಾತ್ರ ಬದಲಿಸಿದೆ. ತಳದ ಕಸವನ್ನು ಸಣ್ಣ ಕೊಳವೆಯಿಂದ ಎಳೆದೆ.

4. ತಂದೆತಾಯಿಯನ್ನು ಬೇರ್ಪಡಿಸಲಿಲ್ಲ. ಅವುಗಳಷ್ಟು ಚೆನ್ನಾಗಿ ಕಾಯಲು ನನಗೆ ಬಾರದು.

ಎರಡು ತಿಂಗಳ ಹೊತ್ತಿಗೆ 23 ಮರಿಗಳು ಒಂದೂವರೆ ಸೆಂ.ಮೀ. ಬೆಳೆದಿದ್ದವು.

ಕೊನೆಯದಾಗಿ ಒಂದು ವಿನಂತಿ. ಸಾಕಲಾಗದ ಮೀನನ್ನು ದಯವಿಟ್ಟು ಹೇಮಾವತಿಗೆ ಬಿಡಬೇಡಿ. ಜಿಲೇಬಿ ಮೀನನ್ನು 1952ರಲ್ಲಿ ಸಾಕಣೆಗೆಂದು ಭಾರತಕ್ಕೆ ತಂದರು. ಇಂದು ಅದು ಕೆರೆ ಹೊಳೆಗಳಲ್ಲೆಲ್ಲ ಹರಡಿ ನಾಡಮೀನುಗಳ ಜಾಗ ಹಿಡಿದಿದೆ. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ. ಅವುಗಳಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ದಕ್ಷಿಣ ಕನ್ನಡದ ಕಡೆಯ ಹೊಳೆಗಳ ಮೀನು. ಹೆಸರಿನಲ್ಲೇ ಕೆನರಾ ಇದೆ.

ನನ್ನ ಮರಿಗಳಲ್ಲಿ ಎಂಟನ್ನು ಗೆಳೆಯರಿಗೆ ಕೊಟ್ಟಿದ್ದೇನೆ. ಬೇಕಾದವರು ಕೇಳಬಹುದು. ಷರತ್ತು ಒಂದೇ: ನಿಮ್ಮ ತೊಟ್ಟಿ ಫಿಲ್ಟರ್ ಸಮೇತ ಕನಿಷ್ಠ ಒಂದು ತಿಂಗಳು ನಡೆದಿರಬೇಕು.