ಹೊನ್ನು ದೊರೆಯಿತು, ಗರಗಸ ನಿಂತಿತು

ಮರವನ್ನು ಹಲಗೆಯಾಗಿ ಸೀಳುವುದು ಒಂದು ಕಾಲಕ್ಕೆ ಇಬ್ಬರ ರಟ್ಟೆಗಳ ಕೆಲಸವಾಗಿತ್ತು. ಕುಣಿಯೊಳಗೊಬ್ಬ, ದಿಮ್ಮಿಯ ಮೇಲೊಬ್ಬ ನಿಂತು ದಿನವಿಡೀ ಗರಗಸವನ್ನೆಳೆಯಬೇಕು. ಆ ದುಡಿಮೆಯನ್ನು ಹರಿಯುವ ನೀರಿಗೆ ಒಪ್ಪಿಸಿದುದು ಮಾನವನ ಹಳೆಯ ಜಾಣ್ಮೆಗಳಲ್ಲೊಂದು. ಅಂಥ ಗಿರಣಿಗಳಲ್ಲೆಲ್ಲ ಕ್ಯಾಲಿಫೋರ್ನಿಯದ ಕೊಲೋಮ ಕಣಿವೆಯದು ಬಹು ಪ್ರಸಿದ್ಧ. ಆದರೆ ಆ ಪ್ರಸಿದ್ಧಿ ಬಂದುದು ಹಲಗೆಯಿಂದಲ್ಲ.

ಕಣಿವೆಯು ನಿಸೆನಾನ್ ಬುಡಕಟ್ಟಿನವರ ನೆಲೆ. ಸ್ವಿಟ್ಜರ್ಲೆಂಡಿನಿಂದ ಬಂದು ನೆಲಸಿದ್ದ ಜಾನ್ ಸಟರನಿಗೆ ತನ್ನ ವಸಾಹತಿಗಾಗಿ ಮರಮಟ್ಟು ಬೇಕಾಗಿತ್ತು. ೧೮೪೭ರಲ್ಲಿ ಅವನು ಬಡಗಿ ಜೇಮ್ಸ್ ಮಾರ್ಷಲ್‌ನೊಡನೆ ಪಾಲುಗಾರಿಕೆಯ ಒಪ್ಪಂದ ಮಾಡಿಕೊಂಡ. ಸೈನ್ಯದಿಂದ ಬಿಡುಗಡೆ ಹೊಂದಿದ ಮಾರ್ಮನ್ ತರುಣರೂ ನಿಸೆನಾನ್ ಕೂಲಿಗಳೂ ದುಡಿದು ಅಮೆರಿಕನ್ ನದಿಯ ದಡದಲ್ಲಿ ಗಿರಣಿಯನ್ನೆತ್ತಿದರು. ನೀರು ಚಕ್ರವನ್ನು ತಿರುಗಿಸಬೇಕು. ಚಕ್ರವು ಅಲಗನ್ನು ಮೇಲೆ ಕೆಳಗೆ ಆಡಿಸಬೇಕು.

ಆದರೆ ನೀರು ಹೊರಹೋಗುವ ಕಾಲುವೆ ಆಳವಾಗಿರಲಿಲ್ಲ. ನೀರು ಹಿಂದಕ್ಕೊತ್ತಿ ಚಕ್ರವನ್ನು ತಡೆಯುತ್ತಿತ್ತು. ಹಗಲು ಅಗೆದು, ಸಡಿಲಿದ ಮಣ್ಣನ್ನು ಕೊಚ್ಚಿಹಾಕಲು ರಾತ್ರಿ ನೀರು ಬಿಡುತ್ತಿದ್ದರು. ೧೮೪೮ರ ಜನವರಿ ೨೪ರ ಬೆಳಿಗ್ಗೆ ಕಾಲುವೆಯನ್ನು ನೋಡಹೋದ ಮಾರ್ಷಲ್‌ನಿಗೆ ತಳದಲ್ಲಿ ಹಳದಿಯ ಚೂರು ಮಿನುಗಿತು. ಕೆಲಸಗಾರರಿಗೆ ಅಡುಗೆ ಮಾಡುತ್ತಿದ್ದ ಜೆನಿ ವಿಮ್ಮರ್ ಅದನ್ನು ಸಾಬೂನಿನ ಕಡಾಯಿಯಲ್ಲಿ ಕುದಿಸಿ ನೋಡಿದಳು, ಹೊಳಪು ಮಾಸಲಿಲ್ಲ. ಅದು ಹೊನ್ನು!

ಗುಟ್ಟು ನಿಲ್ಲಲಿಲ್ಲ. ಆ ಮಾರ್ಚಿಯಲ್ಲಿ ಗಿರಣಿಯು ದಿಮ್ಮಿಗಳನ್ನು ಸೀಳತೊಡಗಿತಾದರೂ, ಹೊಳೆಯಲ್ಲಿ ಹೊನ್ನಿರುವಾಗ ಹಲಗೆ ಕೊಯ್ಯುವವರಾರು? ಮರುವರ್ಷ ದೇಶದೇಶಗಳಿಂದ ಸಹಸ್ರಾರು ಜನ ನುಗ್ಗಿದರು. ೧೮೫೦ರಲ್ಲಿ ಗರಗಸ ನಿಂತಿತು. ಗಿರಣಿಯ ತೊಲೆಗಳನ್ನೇ ಜನರು ಕಿತ್ತೊಯ್ದರು. ಈಗ ಅಲ್ಲಿ ಕಾಣುವುದು ಅದರ ಪ್ರತಿಕೃತಿ.

ತಾನೊಂದು ಬಗೆದರೆ ದೈವವೊಂದು ಬಗೆಯಿತೆಂಬ ಮಾತು ಸಟರನಿಗೂ ಮಾರ್ಷಲ್‌ನಿಗೂ ಸಲ್ಲುತ್ತದೆ. ಸಟರನ ಭೂಮಿಯನ್ನು ವಲಸೆಗಾರರು ಆಕ್ರಮಿಸಿದರು. ಮಾರ್ಷಲ್ ೧೮೮೫ರಲ್ಲಿ ಬಡತನದಲ್ಲಿ ತೀರಿಕೊಂಡ. ಆದರೆ ಅವರಿಬ್ಬರಿಗೆ ಪ್ರತಿಮೆ, ಸ್ಮಾರಕಗಳಾದರೂ ಉಳಿದವು. ಸಟರನ ನೆಲದಲ್ಲಿ ಮೂಲನಿವಾಸಿಗಳು ಬಲವಂತದ ದುಡಿಮೆಯನ್ನೂ ಉಂಡವರು. ಹೊನ್ನಿನ ಹುಚ್ಚು ತಂದ ರೋಗ, ಹಸಿವು, ಹತ್ಯೆಗಳಿಂದ ಕ್ಯಾಲಿಫೋರ್ನಿಯದ ಮೂಲಜನರ ಸಂಖ್ಯೆ ಸುಮಾರು ಒಂದೂವರೆ ಲಕ್ಷದಿಂದ ೧೮೭೦ರ ಸುಮಾರಿಗೆ ಮೂವತ್ತು ಸಾವಿರದಷ್ಟಕ್ಕೆ ಇಳಿಯಿತು. ಆ ಕಾಲುವೆಯನ್ನು ಅಗೆದ ಕೈಗಳಲ್ಲಿ ಅವರವೂ ಇದ್ದವೆಂಬುದನ್ನು ಹೊನ್ನಿನ ಕತೆ ಹೇಳುವವರು ಮರೆಯಬಾರದು.