ವಾಂತಿ ನಿಲ್ಲಿಸುವ ಮದ್ದು ಮತ್ತು ನರಗಳ ಕಿಣ್ವ

ತೊಗರಿ ಹೂಬಿಟ್ಟು ಕಾಯಿಗಟ್ಟುವ ಕಾಲಕ್ಕೆ ಕಡಗಂಚಿಯ ಸುತ್ತಣ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹೊಲಗಳಲ್ಲಿ ಕಾಯಿಕೊರಕ ಹುಳುವಿನ ವಿರುದ್ಧ ಸಿಂಪಡಣೆ ನಡೆಯುತ್ತದೆ. ದಿನವಿಡೀ ಪಂಪು ಹೊತ್ತ ರೈತನು ಸಂಜೆ ವಾಂತಿ ಮಾಡಿಕೊಂಡರೆ, ಬಿಸಿಲಿನ ಝಳವೆಂದು ಬಗೆದು ಮನೆಯವರು ಅಂಗಡಿಯಿಂದ ಗುಳಿಗೆ ತರುವುದುಂಟು. ಆ ಗುಳಿಗೆಗೂ ಆ ಕೀಟನಾಶಕಕ್ಕೂ ಶರೀರದೊಳಗೆ ಒಂದು ನಂಟಿದೆ.

ನರವು ಸ್ನಾಯುವಿಗೆ ಆಜ್ಞೆ ಕೊಡುವಾಗ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಸ್ರವಿಸುತ್ತದೆ. ನರಸಂದೇಶವು ರಾಸಾಯನಿಕ ದ್ರವ್ಯದ ಮೂಲಕ ಸಾಗಬಲ್ಲುದೆಂಬುದನ್ನು 1921ರಲ್ಲಿ ಕಪ್ಪೆಯ ಹೃದಯಗಳ ಮೇಲಿನ ಪ್ರಯೋಗದಿಂದ ಆಟೋ ಲೋವಿ ತೋರಿಸಿಕೊಟ್ಟರು. ಹೆನ್ರಿ ಡೇಲ್ ಅವರೊಡನೆ 1936ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಆಜ್ಞೆ ಮುಟ್ಟಿದೊಡನೆ ಆ ದ್ರವ್ಯವು ಅಳಿಯಬೇಕು. ಇಲ್ಲವಾದರೆ ಸ್ನಾಯುವಿಗೆ ಬಿಡುವೇ ಇರದು. ಅಳಿಸುವ ಹೊಣೆ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಇದರ ದಾಯಾದಿಯೊಂದು ಯಕೃತ್ತಿನಲ್ಲಿ ಹುಟ್ಟಿ ರಕ್ತದಲ್ಲಿ ಸಂಚರಿಸುತ್ತದೆ.

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮುಖ್ಯವಾಗಿ ಮಿದುಳಿನ ಡೋಪಮಿನ್ ಗ್ರಾಹಕಗಳನ್ನು ತಡೆಯುತ್ತದೆ. ಅದರ ಜೊತೆಗೆ ಈ ಕಿಣ್ವಗಳನ್ನೂ ತುಸು ಹಿಡಿದು ನಿಲ್ಲಿಸುತ್ತದೆ. ಶಸ್ತ್ರಕ್ರಿಯೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಮೆಥೋನಿಯಮ್ ಔಷಧವನ್ನು ಒಡೆಯುವುದು ರಕ್ತದಲ್ಲಿರುವ ಕಿಣ್ವ. ಮೆಟೊಕ್ಲೋಪ್ರಮೈಡ್ ಪಡೆದ ರೋಗಿಯಲ್ಲಿ ಅದರ ಪರಿಣಾಮ ಹೆಚ್ಚು ಹೊತ್ತು ಉಳಿಯುವುದನ್ನು ಅರಿವಳಿಕೆ ತಜ್ಞರು ಅಳೆದು ನೋಡಿದ್ದಾರೆ. ಎಲ್ಲ ವಾಂತಿನಿರೋಧಕಗಳೂ ಹೀಗಲ್ಲ: ಆಂಡಾನ್‌ಸೆಟ್ರಾನ್ ದುಡಿಯುವುದು ಸೆರೊಟೋನಿನ್ ಗ್ರಾಹಕಗಳ ಮೇಲೆ.

ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್ ಮೊದಲಾದ ಸಾವಯವ ರಂಜಕ ಕೀಟನಾಶಕಗಳು ಇದೇ ಕಿಣ್ವವನ್ನು ಬಿಗಿಯಾಗಿ ಹಿಡಿಯುತ್ತವೆ; ಸಮಯ ಕಳೆದಂತೆ ಆ ಹಿಡಿತ ಬಿಡಿಸಲಾಗದಂತಾಗುತ್ತದೆ. ಆಗ ಬೆವರು, ಜೊಲ್ಲು, ವಾಂತಿ, ಕಿರಿದಾದ ಕಣ್ಣಪಾಪೆ, ಸ್ನಾಯುಗಳ ಅದುರಾಟ ಕಾಣಿಸಿಕೊಂಡು, ಕಡೆಗೆ ಉಸಿರಾಟವೇ ಸೋಲುತ್ತದೆ. ಇದರ ಮುಂದೆ ಗುಳಿಗೆಯ ಹಿಡಿತ ಅತ್ಯಲ್ಪ. ಆದ್ದರಿಂದ ಅದನ್ನೇ ವಿಷವೆನ್ನುವುದು ಅತಿಶಯೋಕ್ತಿ. ಅಪಾಯವಿರುವುದು ಬೇರೆಡೆ. ವಾಂತಿ ತಗ್ಗಿದರೆ ಮನೆಯವರಿಗೆ ಧೈರ್ಯ ಬರುತ್ತದೆ, ಕಿಣ್ವವು ಮಾತ್ರ ಬಂಧನದಲ್ಲಿಯೇ ಉಳಿದು ಆಸ್ಪತ್ರೆಯ ಹಾದಿ ತಡವಾಗುತ್ತದೆ.

ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಕಿಣ್ವವನ್ನು ಬಿಡಿಸುವುದಿಲ್ಲ, ಉಕ್ಕಿದ ಅಸಿಟೈಲ್‌ಕೋಲಿನ್ನಿನ ಹೊಡೆತವನ್ನು ಗ್ರಾಹಕದ ಬಾಗಿಲಲ್ಲಿ ತಡೆಯುತ್ತದೆ. ಬಿಡಿಸಲೆಂದು ಕೊಡುವುದು ಪ್ರಾಲಿಡಾಕ್ಸಿಮ್. ಅದಕ್ಕೆ ಕಾಲದ ಮಿತಿಯಿದೆ. ತಿಪ್ಪೆಯ ಬದಿಯ ದತ್ತೂರಿಯಲ್ಲಿಯೂ ಅಟ್ರೋಪಿನ್ ಉಂಟು, ಆದರೆ ಅದರ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆಯಾದುದರಿಂದ ಮನೆಮದ್ದಿಗೆ ಅದು ಸಲ್ಲದು. ಸಿಂಪಡಿಸಿದವನ ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಕೀಟನಾಶಕದ ಡಬ್ಬಿಯನ್ನೂ ಅದರ ಚೀಟಿಯನ್ನೂ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಪ್ರತಿವಿಷದ ಹೆಸರು ಆ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ.